ಸುಗಟೂರು ಪೆದ್ದಪ್ಪ ಸತ್ತ ಸಿನಿಮಾ

ಸುಗಟೂರಿನ ಸುತ್ತಮುತ್ತ ಪೆದ್ದಪ್ಪನಷ್ಟು ಚೆನ್ನಾಗಿ ಸಾಯುವವರು ಇನ್ನೊಬ್ಬರಿರಲಿಲ್ಲ. ಊರಿನ ನಾಟಕ ಮಂಡಳಿ ಇದ್ದಷ್ಟು ಕಾಲ ಪೌರಾಣಿಕ ನಾಟಕದಲ್ಲಿ ಯಾರು ಸಾಯಬೇಕಾಗಿದ್ದರೂ ಆ ಪಾತ್ರ ಅವನ ಮನೆ ಬಾಗಿಲಿಗೇ ಬರುತ್ತಿತ್ತು. ಬಾಣ ತಿಂದು ಸಾಯುವ ರಾಜ, ಗದೆಯ ಪೆಟ್ಟಿಗೆ ಸಾಯುವ ರಾಕ್ಷಸ, ಶಾಪ ತಗುಲಿ ಸಾಯುವ ಮಂತ್ರಿ, ಎಲ್ಲ ಅವನೇ. ಬೇರೆಯವರು ಬಾಣ ತಗುಲಿದ ಕೂಡಲೇ ಮೂಟೆಯ ಹಾಗೆ ಧೊಪ್ಪನೆ ಬೀಳುತ್ತಿದ್ದರು. ಪೆದ್ದಪ್ಪ ಹಾಗಲ್ಲ. ಮೊದಲು ತನ್ನ ಎದೆಯನ್ನು ನೋಡಿಕೊಳ್ಳುವನು. ಆಮೇಲೆ ಬಾಣ ಬಿಟ್ಟವನ ಕಡೆ 'ನೀನಾ?' ಎನ್ನುವ ಹಾಗೆ ಒಂದು ನೋಟ. ಆಮೇಲೆ ಹಾರ್ಮೋನಿಯಂ ಮೇಷ್ಟ್ರ ಕಡೆ ಒಂದು ನೋಟ. ಅವರು ಶ್ರುತಿ ಹಿಡಿದ ಮೇಲೆಯೇ ಸಾಯುವುದಕ್ಕೆ ಶುರು.

ಹೋಗುವೆನು ನಾನು ಹೋಗುವೆನು
ಹೊತ್ತು ಮುಳುಗಲಿ ಹೋಗುವೆನು
ತೆರೆಯೋ ಯಮನೇ ಬಾಗಿಲನು

ಹೋಗುವೆನು ಹೋಗುವೆನು ಎಂದು ಹಾಡುತ್ತಲೇ ಇರುತ್ತಿದ್ದನೇ ಹೊರತು ಹೋಗುತ್ತಿರಲಿಲ್ಲ. ಕೊಂದವನು ಪಕ್ಕದಲ್ಲಿ ನಿಂತು ನಿಂತು ಕಾಲು ಬದಲಾಯಿಸುತ್ತಿದ್ದ. ಕೊನೆಗೂ ಪೆದ್ದಪ್ಪ ಕಣ್ಣು ಮುಚ್ಚಿದ ಮೇಲೆ ಮುಂದೆ ಕುಳಿತವರು 'ವನ್ಸ್ ಮೋರ್' ಎಂದು ಕೂಗುವರು. ಸತ್ತ ರಾಜ ಎದ್ದು, ಧೂಳು ಕೊಡವಿಕೊಂಡು, ಸಭೆಗೆ ಕೈಮುಗಿದು, ಮತ್ತೆ ಮೊದಲಿನಿಂದ ಸಾಯುವನು. ಒಂದು ಸಲವಂತೂ ಅವನನ್ನು ಕೊಲ್ಲುವ ಪಾತ್ರದವನು ಬೇಸತ್ತು, 'ನೀನು ಸಾಯ್ತಾ ಇರು ಪೆದ್ದಣ್ಣ, ನಾನು ಬೀಡಿ ಸೇದ್ಕೊಂಡ್ ಬರ್ತೀನಿ' ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಪರದೆಯ ಹಿಂದೆ ಹೋಗಿಬಿಟ್ಟಿದ್ದ.

ಕ್ರಮೇಣ ರಾತ್ರಿಯೆಲ್ಲ ಕುಳಿತು ನಾಟಕ ನೋಡುವವರು ಕಡಿಮೆಯಾದರು. ಹಾರ್ಮೋನಿಯಂ ಮೇಷ್ಟ್ರು ಕಾಲವಾದರು. ಅವರು ಮಾತ್ರ ಒಂದೇ ಸಲಕ್ಕೆ ಹೋದರು. ಮಂಡಳಿ ಮುಚ್ಚಿತು. ಪೆದ್ದಪ್ಪನಿಗೆ ಉಳಿದದ್ದು ಒಂದಿಷ್ಟು ಹಿಪ್ಪುನೇರಳೆ ತೋಟ, ಒಂದು ಸೀಮೆ ಹಸು, ಮತ್ತು ಸಾಯುವ ವಿದ್ಯೆ. ಈ ಮೂರನೆಯದಕ್ಕೆ ಎಲ್ಲೂ ಗಿರಾಕಿ ಇರಲಿಲ್ಲ. ಆದ್ದರಿಂದ ಅದನ್ನು ಅವನು ಹಸುವಿಗೆ ಕೊಟ್ಟ. ಬೆಳಗ್ಗೆ ಸಂಜೆ ಹಾಲು ಕರೆಯುವಾಗ ಆ ಹಾಡನ್ನೇ ಹಾಡುವನು. ರಾಣಿ ಎಂಬ ಆ ಹಸುವಿಗೆ ಅದು ಎಷ್ಟು ರೂಢಿಯಾಯಿತೆಂದರೆ, 'ಹೋಗುವೆನು' ಎಂದು ಕಿವಿಗೆ ಬೀಳದಿದ್ದರೆ ಅದು ಹಾಲು ಇಳಿಸಿ ಸೊರೆಬಿಡುತ್ತಲೇ ಇರಲಿಲ್ಲ. ಬಕೆಟ್ಟನ್ನು ಒದ್ದು ಉರುಳಿಸಿಬಿಡುತ್ತಿತ್ತು.

ಅವನ ಹೆಂಡತಿ ದೊಡ್ಡಗಂಗಮ್ಮನಿಗೆ ಈ ಹಾಡೆಂದರೆ ಆಗುತ್ತಿರಲಿಲ್ಲ. 'ದಿನಾ ಎರಡು ಹೊತ್ತು ಸಾಯ್ತೀಯಲ್ಲ, ಮನೆಗೆ ಒಳ್ಳೇದಾಗ್ತದಾ?' ಎನ್ನುವಳು. ಹೊಸದಾಗಿ ಮದುವೆಯಾದ ವರ್ಷ ಒಂದು ಸಲ ನಾಟಕಕ್ಕೆ ಹೋಗಿದ್ದಳು. ಗಂಡನ ಎದೆಗೆ ಬಾಣ ತಗುಲಿದ್ದೇ ತಡ, ಎದ್ದು ಮನೆಗೆ ಬಂದು ಹೊದ್ದು ಮಲಗಿದ್ದಳು. ಆಮೇಲೆ ಯಾವ ನಾಟಕಕ್ಕೂ ಬರಲಿಲ್ಲ. ಹಾಡನ್ನೂ ಕೇಳುವುದಿಲ್ಲ, ಕೇಳಿದರೆ ತಲೆನೋವು ಬರುತ್ತದೆ ಎನ್ನುವುದು ಅವಳ ಖಾಯಂ ಮಾತು.

ಹೀಗಿರುವಾಗ, ಕಾರ್ತಿಕ ಕಳೆದು ಚಳಿ ಶುರುವಾದ ಮೇಲೆ, ಒಂದು ಬೆಳಗ್ಗೆ ಡೈರಿ ಮುಂದೆ ಕದಿರೇಶ ಬಂದು ನಿಂತ. ಕದಿರೇಶನಿಗೆ ಕೋಲಾರದಲ್ಲಿ ಫ್ಲೆಕ್ಸ್ ಹಾಕುವ ಅಂಗಡಿ. ಜೊತೆಗೆ ಸಿನಿಮಾದವರು ಈ ಕಡೆ ಬಂದಾಗ ಅವರಿಗೆ ಜನ ಒದಗಿಸುವ ಕೆಲಸವನ್ನೂ ಮಾಡುತ್ತಿದ್ದ.

'ವಕ್ಕಲೇರಿ ಕಡೆ ಬಂಡೆ ಹತ್ತಿರ ದೊಡ್ಡ ಸಿನಿಮಾ ತೆಗೀತವ್ರೆ. ಯುದ್ಧದ್ದು. ಗಂಡಸರು ಬೇಕು. ಊಟ, ಕೂಲಿ, ಟೆಂಪೊ ಎಲ್ಲ ಐತೆ' ಎಂದ.

'ಯಾರು ಗೆಲ್ತಾರೆ?' ಎಂದು ಕ್ಯಾನು ಹಿಡಿದು ನಿಂತಿದ್ದ ಚನ್ನರಾಯಪ್ಪ ಕೇಳಿದ.

'ನಮ್ಮೋರು ಸೋಲ್ತಾರೆ.'

'ಅದೇನ್ಲಾ ಹಂಗಂದ್ರೆ?'

'ಕತೆನೇ ಹಂಗಣ್ಣ. ಒಂದು ಸೇತುವೆ ಹಿಡ್ಕೊಳಾಕೆ ದಂಡು ಕಳಿಸ್ತಾರೆ. ಮ್ಯಾಪು ತಪ್ಪು. ವೈರ್‌ಲೆಸ್‌ಗೆ ಬ್ಯಾಟ್ರಿ ತಪ್ಪು. ಹಿಂದಿಂದ ಬರಬೇಕಾದ ಲಾರಿ ಬರೋದೇ ಇಲ್ಲ. ಸೇತುವೆನೂ ಸಿಗಲ್ಲ. ಹೋದೋರೆಲ್ಲ ಸಾಯ್ತಾರೆ.'

ಸಾಲಿನಲ್ಲಿದ್ದವರೆಲ್ಲ ನಕ್ಕರು. ದುಡ್ಡು ಕೊಟ್ಟು ಸೋಲನ್ನು ಯಾರು ನೋಡುತ್ತಾರೆ ಎಂದರು. ಪೆದ್ದಪ್ಪ ಮಾತ್ರ ನಗಲಿಲ್ಲ. 'ಹೋದೋರೆಲ್ಲ ಸಾಯ್ತಾರೆ' ಎನ್ನುವ ಮಾತಿಗೆ ಅವನ ಕೈಯಲ್ಲಿದ್ದ ಕ್ಯಾನು ತಾನಾಗಿ ನೆಲಕ್ಕಿಳಿದಿತ್ತು.

'ಎಲ್ರೂನಾ?' ಎಂದು ಕೇಳಿದ.

'ಎಲ್ರೂ ಪೆದ್ದಣ್ಣ.'

'ಹಂಗಾದ್ರೆ ನನ್ನ ಹೆಸರು ಮೊದಲು ಬರ್ಕೊ.'

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಮೊರದಿಂದ ತಲೆ ಎತ್ತಲಿಲ್ಲ. 'ಗೆಲ್ಲೋ ಕಡೆ ಸೇರ್ಕೊಳಯ್ಯಾ, ಈ ವಯಸ್ಸಲ್ಲಾದ್ರೂ' ಎಂದಳು.

'ನಿಂಗೆ ತಿಳಿಯಾಕಿಲ್ಲ ಕಣೇ. ಗೆದ್ದೋನು ಹಾರ ಹಾಕಿಸ್ಕೊಂಡು ಒಳಕ್ಕೆ ಹೋಗ್ತಾನೆ, ಅಷ್ಟೇ. ಸಾಯೋನಿಗೆ ಮೂರು ಹಾಡಿರ್ತವೆ. ಒಂದು ಸಲ, ಒಂದೇ ಒಂದು ಸಲ ನನ್ನ ಸಾವು ಪರದೆ ಮೇಲೆ ಬಂದ್ರೆ ಸಾಕು. ಆಮೇಲೆ ನಾನು ಸತ್ರೂ ಅದು ಇರ್ತದೆ.'

'ಸತ್ರೆ ಸಾಯಿ. ಸಂಜೆ ಹಾಲಿನ ಹೊತ್ತಿಗೆ ಬಂದ್ಬಿಡು. ರಾಣಿ ನನ್ನ ಕೈಗೆ ಕೊಡಲ್ಲ' ಎಂದಳು ದೊಡ್ಡಗಂಗಮ್ಮ.

ಪೆದ್ದಪ್ಪ ಸುಮ್ಮನಿರುವ ಆಸಾಮಿಯಲ್ಲ. ಊರಿಗೆಲ್ಲ ಹೇಳಿದ. ಡೈರಿಯಲ್ಲಿ ಹೇಳಿದ, ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹೇಳಿದ, ಶ್ರೀನಿವಾಸಪುರದಲ್ಲಿದ್ದ ಮಗಳು ಮುನಿಲಕ್ಷ್ಮಿಗೆ ಫೋನು ಮಾಡಿ ಹೇಳಿದ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರಿಗೂ, 'ಸಿನಿಮಾದಲ್ಲಿ ನಾನು ದೊಡ್ಡದಾಗಿ ಕಾಣಿಸ್ತೀನಿ, ಮುಖ ನೋಡಿಟ್ಕೊಳ್ಳಿ' ಎಂದ. ಹೀಗೆ ಊರ ಮುಂದೆ ಬಾಯಿ ಬಿಟ್ಟ ಮೇಲೆ ಸಿನಿಮಾದಲ್ಲಿ ಸಾಯದೆ ಬೇರೆ ದಾರಿಯೇ ಅವನಿಗೆ ಉಳಿಯಲಿಲ್ಲ.

ಶೂಟಿಂಗಿನ ಜಾಗವೆಂದರೆ ಬೆಂಗಳೂರಿನಿಂದ ಪೈಪಿನಲ್ಲಿ ನೀರು ಬಂದು ತುಂಬಿದ ಒಂದು ಕೆರೆ, ಅದರ ಪಕ್ಕಕ್ಕೆ ದೊಡ್ಡ ಬಂಡೆ. ಕೋಡಿಯ ಮೇಲೆ ಸಿನಿಮಾದವರು ಪ್ಲೈವುಡ್ಡಿನ ಸೇತುವೆ ಕಟ್ಟಿದ್ದರು. ನಿರ್ದೇಶಕ ಉಮಾಶಂಕರ್ ಬೆಂಗಳೂರಿನವನು. ಬಿಸಿಲಿಗೆ ಮುಖವೆಲ್ಲ ಕೆಂಪಾಗಿ, ಸದಾ ಮೈಕಿನಲ್ಲಿ ಮಾತಾಡುತ್ತ, ಆಕಾಶ ನೋಡುತ್ತ ಇರುತ್ತಿದ್ದ. ಅವನ ಸಹಾಯಕಿ ಮೇಘನ ಮಾಲೂರಿನ ಹುಡುಗಿ. ಉಮಾಶಂಕರ್ ಹೇಳಿದ್ದನ್ನು ಜನಕ್ಕೆ ಅರ್ಥವಾಗುವ ಹಾಗೆ ಹೇಳುವುದು ಅವಳ ಕೆಲಸ.

ಮೊದಲ ದಿನವೇ ಪೆದ್ದಪ್ಪನಿಗೆ ಹಸಿರು ಬಟ್ಟೆ, ತಲೆಗೆ ಕಬ್ಬಿಣದ ಟೋಪಿ, ಕೈಗೆ ಮರದ ಬಂದೂಕು ಕೊಟ್ಟರು. ಓಡಬೇಕು, ಢಂ ಎಂದ ಕೂಡಲೇ ಬೀಳಬೇಕು. ಇಷ್ಟೇ. ಢಂ ಎಂದಿತು. ಸುತ್ತಲಿದ್ದವರು ಬಿದ್ದರು. ಪೆದ್ದಪ್ಪ ನಿಂತ. ಎದೆ ನೋಡಿಕೊಂಡ. ಶತ್ರುವಿನ ಕಡೆ 'ನೀನಾ?' ಎಂದು ನೋಡಿದ. ಆಮೇಲೆ, ಅಭ್ಯಾಸಬಲದಿಂದ, ಹಾರ್ಮೋನಿಯಂ ಎಲ್ಲಿದೆ ಎಂದು ಎಡಕ್ಕೆ ತಿರುಗಿ ನೋಡಿದ. ಹಾರ್ಮೋನಿಯಂ ಇರಲಿಲ್ಲ. ಶ್ರುತಿ ಇಲ್ಲದೆಯೇ ಹಿಡಿದ: 'ಹೋಗುವೆನು ನಾನು ಹೋ…'

'ಕಟ್!' ಎಂದು ಮೈಕು ಕಿರುಚಿತು.

ಮೇಘನ ಓಡಿ ಬಂದಳು. 'ಅಂಕಲ್, ಹಾಡಬಾರದು. ಬಿದ್ಬಿಡಿ ಅಷ್ಟೇ.'

'ಅಷ್ಟು ಬೇಗ ಸತ್ರೆ ಯಾರು ಸತ್ತಿದ್ದು ಅಂತ ಜನಕ್ಕೆ ಹೆಂಗಮ್ಮ ಗೊತ್ತಾಗ್ತದೆ?'

'ಗೊತ್ತಾಗೋದು ಬೇಡ ಅಂಕಲ್. ತುಂಬ ಜನ ಸಾಯ್ತಾರೆ.'

ಪೆದ್ದಪ್ಪನಿಗೆ ಈ ಮಾತು ಒಗ್ಗಲಿಲ್ಲ. ಆದರೂ ಎರಡನೆಯ ಸಲ ಬಾಯಿ ಬಿಗಿಹಿಡಿದುಕೊಂಡು, ಎದೆ ಮಾತ್ರ ನೋಡಿಕೊಂಡು, ಸೊಗಸಾಗಿ ಬಿದ್ದ. ಉಮಾಶಂಕರನ ಮುಖವೂ ಅರಳಿತು. ಅಷ್ಟರಲ್ಲಿ ಕೆರೆ ಏರಿ ಮೇಲೆ ಶೂಟಿಂಗು ನೋಡಲು ನಿಂತಿದ್ದ ಸುಗಟೂರಿನವರು ಒಕ್ಕೊರಲಿನಿಂದ 'ವನ್ಸ್ ಮೋರ್!' ಎಂದು ಕೂಗಿದರು.

ಪೆದ್ದಪ್ಪ ಎದ್ದ. ಬಟ್ಟೆ ಕೊಡವಿಕೊಂಡ. ಏರಿಯ ಕಡೆ ತಿರುಗಿ ಕೈಮುಗಿದ. ಸುತ್ತಲೂ ಗುಂಡು, ಹೊಗೆ, ಓಡುವ ದಂಡು. ಅದರ ನಡುವೆ ಹೆಣವೊಂದು ಎದ್ದು ನಮಸ್ಕಾರ ಮಾಡಿ ಮತ್ತೆ ಸಾಯಲು ಅಣಿಯಾಗುತ್ತಿದೆ. ಕ್ಯಾಮೆರಾದವನು ನಕ್ಕು ನಕ್ಕು ಕುಸಿದು ಕುಳಿತ. ಉಮಾಶಂಕರ್ ಟೋಪಿ ತೆಗೆದು ನೆಲಕ್ಕೆ ಒಗೆದ.

'ಆ ಮನುಷ್ಯನ್ನ ಹಿಂದಕ್ಕೆ ಹಾಕ್ರಪ್ಪ. ಮೊದಲೇ ಸತ್ತಿರೋರ ಜೊತೆ ಮಲಗಿಸಿ!'

ಪೆದ್ದಪ್ಪನಿಗೆ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಸಾಯುವವನಿಗೂ ಸತ್ತವನಿಗೂ ಇರುವ ವ್ಯತ್ಯಾಸ ಸಿನಿಮಾದವರಿಗೆ ಏನು ಗೊತ್ತು? ಅಂದಿನಿಂದ ಅವನು ಬೆಳಗ್ಗೆ ಟೆಂಪೊ ಇಳಿದವನೇ ಬಂಡೆಯ ಮಗ್ಗುಲಲ್ಲಿ ಬೋರಲಾಗಿ ಮಲಗಬೇಕು. ಮುಖ ಮಣ್ಣಿಗೆ. ಇರುವೆ ಕಚ್ಚಿದರೂ ಅಲುಗುವಂತಿಲ್ಲ. ಊರಿನವರು ಸಂಜೆ ಟೆಂಪೊದಲ್ಲಿ, 'ಇವತ್ತು ಹೆಂಗೆ ಮಾಡ್ದೆ ಪೆದ್ದಣ್ಣ?' ಎಂದು ಕೇಳುವರು. 'ಇವತ್ತು ಬೆನ್ನು ಚೆನ್ನಾಗಿ ಬಂದೈತೆ' ಎಂದು ಚನ್ನರಾಯಪ್ಪ ಅವನ ಪರವಾಗಿ ಉತ್ತರ ಕೊಡುವನು.

ಕೊನೆಗೆ ಮೇಘನಳ ಹತ್ತಿರ ಹೋಗಿ ಗೋಗರೆದ. 'ಅಮ್ಮಾ, ಹಾಡಲ್ಲ. ಏಳಲ್ಲ. ಯಾರಿಗೂ ಕೈ ಮುಗಿಯಲ್ಲ. ಒಂದು ಸಲ ಮುಖ ಕಾಣೋ ಹಂಗೆ ಸಾಯಿಸಮ್ಮ. ಊರಲ್ಲಿ ತಲೆ ಎತ್ತಿ ಓಡಾಡೋಕೆ ಆಗ್ತಿಲ್ಲ.'

ಮೇಘನ ಸುತ್ತ ನೋಡಿ, 'ಕೊನೇ ದಿನ ದೊಡ್ಡ ಸೀನ್ ಇದೆ ಅಂಕಲ್. ಸಂಜೆ ಸೂರ್ಯ ಮುಳುಗೋವಾಗ ಇಡೀ ದಂಡು ಸೇತುವೆ ಹತ್ತಿರ ಸಾಯುತ್ತೆ. ಅವತ್ತು ಮುಂದಿನ ಸಾಲಲ್ಲಿ ನಿಲ್ಲಿಸ್ತೀನಿ. ಆದ್ರೆ ಬೇಗ ಸಾಯಬೇಕು' ಎಂದಳು.

'ನೀನು ಹೇಳಿದಷ್ಟು ಬೇಗ' ಎಂದು ಪೆದ್ದಪ್ಪ ಎದೆಯ ಮೇಲೆ ಕೈಯಿಟ್ಟ.

ಆ ಕೊನೆಯ ದಿನದಲ್ಲಿ ಒಂದು ತೊಡಕಿತ್ತು. ಅದು ಕದಿರೇಶನೊಬ್ಬನಿಗೆ ಗೊತ್ತಿತ್ತು. ಅದುವರೆಗೆ ಪ್ರತಿದಿನ ಶೂಟಿಂಗು ಮಧ್ಯಾಹ್ನ ಇಳಿಯುವ ಹೊತ್ತಿಗೇ ಮುಗಿಯುತ್ತಿತ್ತು. ದಂಡಿನಲ್ಲಿದ್ದವರೆಲ್ಲ ಮನೆಗೆ ಹೋಗಿ ಹಾಲು ಕರೆದು ಡೈರಿಗೆ ಹಾಕುತ್ತಿದ್ದರು. ಕೊನೆಯ ದಿನ ಸೂರ್ಯ ಮುಳುಗುವವರೆಗೆ ಎಂದಾಗ, 'ಆ ಹೊತ್ತಲ್ಲಿ ಇವರನ್ನ ದೇವರೂ ಹಿಡ್ಕೊಳಾಕಾಗಲ್ಲ ಸಾರ್' ಎಂದು ಹೇಳಬೇಕಾಗಿತ್ತು. ಉಮಾಶಂಕರ್ ಬಹಳ ಸಿಟ್ಟಿನಲ್ಲಿದ್ದುದರಿಂದ ಕದಿರೇಶ ಹೇಳಲಿಲ್ಲ. ಹೇಗೋ ಆಗುತ್ತದೆ ಎಂದುಕೊಂಡ.

ಕೊನೆಯ ದಿನ ಶತ್ರುಗಳು ಸಾಲದೆ ಬಂದು ಶ್ರೀನಿವಾಸಪುರದಿಂದ ಇನ್ನೊಂದು ವ್ಯಾನು ಜನ ಬಂದರು. ಕಂದು ಬಟ್ಟೆ ತೊಟ್ಟು ಇಳಿದವರಲ್ಲಿ ದಪ್ಪ ಮೀಸೆಯ ಒಬ್ಬ ಶತ್ರುವನ್ನು ಕಂಡು ಪೆದ್ದಪ್ಪ ಕಬ್ಬಿಣದ ಟೋಪಿಯನ್ನು ಹುಬ್ಬಿನವರೆಗೆ ಇಳಿಸಿಕೊಂಡ. ಅದು ಅವನ ಬೀಗ ವೆಂಕಟರಮಣಪ್ಪ, ಮಗಳು ಮುನಿಲಕ್ಷ್ಮಿಯ ಮಾವ. ಮಾವಿನ ಮಂಡಿಯಲ್ಲಿ ತೂಕ ನೋಡುವ ಕೆಲಸ. ಸುಗ್ಗಿ ಮುಗಿದ ಮೇಲೆ ಕೈಗೆ ಕೆಲಸವಿಲ್ಲದೆ ಯುದ್ಧಕ್ಕೆ ಬಂದಿದ್ದ.

ಬೀಗರ ನಡುವೆ ಮಾತು ಅಷ್ಟಕ್ಕಷ್ಟೇ ಇತ್ತು. ಮದುವೆಯ ಮಾರನೆಯ ದಿನದ ಬೀಗರೂಟದಲ್ಲಿ ಗಂಡಿನ ತಂದೆಯ ಎಲೆಗೆ ಮರ್ಯಾದೆಯಾಗಿ ಬೀಳಬೇಕಾಗಿದ್ದ, ಒಳಗೆ ಮಜ್ಜೆ ತುಂಬಿದ ನಲ್ಲಿ ಮೂಳೆ ಬಡಿಸುವವರ ಗಡಿಬಿಡಿಯಲ್ಲಿ ವಾಲಗದವನ ಎಲೆಗೆ ಬಿದ್ದಿತ್ತು. ವೆಂಕಟರಮಣಪ್ಪ ಏನೂ ಅನ್ನಲಿಲ್ಲ. ಅಂದಿನಿಂದಲೂ ಏನೂ ಅನ್ನುತ್ತಿರಲಿಲ್ಲ. ಎದುರು ಸಿಕ್ಕಾಗ 'ಬಾಗುನ್ನಾರಾ?' ಎಂದು ತೆಲುಗಿನಲ್ಲಿ ಕ್ಷೇಮ ಕೇಳುವನು, ಮುಖ ಆ ಕಡೆ ತಿರುಗಿಸುವನು, ಅಷ್ಟೇ.

ಈಗಲೂ ಬಂದೂಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈಮುಗಿದ. 'ಏಮಿ ಬೀಗ್ರೇ, ಬಾಗುನ್ನಾರಾ?'

'ಚೆನ್ನಾಗಿದೀನಿ ಬೀಗ್ರೇ. ನೀವು ಶತ್ರುಗಳ ಕಡೆನಾ?'

'ಅವರು ಕೊಟ್ಟ ಬಟ್ಟೆ ಹಾಕ್ಕೊಂಡೆ' ಎಂದು ವೆಂಕಟರಮಣಪ್ಪ ಮುಖ ತಿರುಗಿಸಿದ.

ಬಿಸಿಲು ಇಳಿಯಿತು. ಬಂಡೆ ಹೊನ್ನಿನ ಬಣ್ಣಕ್ಕೆ ತಿರುಗಿತು. ಉಮಾಶಂಕರ್ ಮೈಕಿನಲ್ಲಿ 'ಇದೇ ಬೆಳಕು, ಇದೇ ಬೆಳಕು' ಎಂದು ಕುಣಿಯತೊಡಗಿದ. ದಂಡು ನುಗ್ಗಿತು. ಹೊಗೆ ಎದ್ದಿತು. ಅರ್ಧದಷ್ಟು ಜನ ಸತ್ತು ಬಿದ್ದರು. ಪೆದ್ದಪ್ಪ ಮುಂದಿನ ಸಾಲಿನಲ್ಲಿ, ಇನ್ನೇನು ತನ್ನ ಸರದಿ ಎಂದು ಮೀಸೆ ಒರೆಸಿಕೊಳ್ಳುತ್ತಿದ್ದ.

ಆಗ ಕೆರೆ ಏರಿಯ ಮೇಲೆ ಹತ್ತಿರದ ಹಳ್ಳಿಯ ಹೆಂಗಸರು ಹಾಲಿನ ಕ್ಯಾನು ಹಿಡಿದು ಸಾಲಾಗಿ ಡೈರಿಯ ಕಡೆ ಹೊರಟರು.

ಮೊದಲು ಎದ್ದವರು ಸತ್ತವರು. ಮಲಗಿದ್ದಲ್ಲಿಂದ ಅವರಿಗೆ ಏರಿ ಚೆನ್ನಾಗಿ ಕಾಣುತ್ತಿತ್ತು. 'ಲೇ, ಹಾಲಿನ ಹೊತ್ತಾಯ್ತು ಕಣೋ!' ಎಂದು ಒಂದು ಹೆಣ ಇನ್ನೊಂದು ಹೆಣವನ್ನು ಎಬ್ಬಿಸಿತು. ಆಮೇಲೆ ಗಾಯಗೊಂಡವರು ಎದ್ದರು. ಆಮೇಲೆ ಬದುಕಿದ್ದವರು ಬಂದೂಕನ್ನು ಹೆಗಲಿಗೆ ಹಾಕಿಕೊಂಡರು. ಗೆಲ್ಲುತ್ತಿದ್ದ ಶತ್ರುಗಳೂ, ಅವರ ಮನೆಯಲ್ಲೂ ಹಸುಗಳಿದ್ದುದರಿಂದ, ಗೆಲ್ಲುವುದನ್ನು ಬಿಟ್ಟು ವ್ಯಾನಿನ ಕಡೆ ಓಡಿದರು.

'ಎಲ್ಲಿಗ್ರೀ! ಯುದ್ಧ ಮುಗೀಲಿ ಇರ್ರೀ!' ಎಂದು ಉಮಾಶಂಕರ್ ಮೈಕಿನಲ್ಲಿ ಅರಚಿದ.

ಚನ್ನರಾಯಪ್ಪ ಟೆಂಪೊ ಹತ್ತುತ್ತಲೇ ತಿರುಗಿ, 'ಯುದ್ಧ ನಾಳೆನೂ ಮಾಡ್ಬೋದು ಸಾರ್. ಇವತ್ತಿನ ಹಾಲು ನಾಳೆ ತಗೊಳ್ಳಲ್ಲ' ಎಂದ.

'ನಾಳೆ ಸೇತುವೆ ಬಿಚ್ತಾರೆ ಕಣ್ರೀ!'

ಯಾರು ಕೇಳುತ್ತಾರೆ? ಎರಡೂ ದೇಶದ ಸೈನ್ಯ ಹೊರಟುಹೋಯಿತು. ಆ ಸಂಜೆ ಸುಗಟೂರಿನಲ್ಲಿ ಹಸಿರು ಬಟ್ಟೆಯ ಸೈನಿಕರು ಕಬ್ಬಿಣದ ಟೋಪಿ ಹಾಕಿಕೊಂಡೇ ಹಾಲು ಕರೆದರೆಂದೂ, ಕೆಲವು ಹಸುಗಳು ಯಜಮಾನನ ಗುರುತು ಸಿಗದೆ ಹಗ್ಗ ಕಿತ್ತುಕೊಂಡವೆಂದೂ ಆಮೇಲೆ ಗೊತ್ತಾಯಿತು.

ಟೆಂಪೊದವನು ಪೆದ್ದಪ್ಪನಿಗಾಗಿ ಹಾರ್ನ್ ಬಾರಿಸಿದ. ಪೆದ್ದಪ್ಪ ಟೆಂಪೊ ನೋಡಿದ. ಕ್ಯಾಮೆರಾ ನೋಡಿದ. ಕೆಚ್ಚಲು ಬಿಗಿದು ಒದೆಯುತ್ತಿರುವ ರಾಣಿ ಕಣ್ಣಮುಂದೆ ಬಂತು, ಅದರ ಹಿಂದೆ ದೊಡ್ಡಗಂಗಮ್ಮ ಬಂದಳು. ಇಬ್ಬರಲ್ಲಿ ಯಾರು ಹೆಚ್ಚು ಒದೆಯುತ್ತಾರೆ ಎಂದು ಹೇಳುವುದು ಕಷ್ಟವಾಗಿತ್ತು. ಹೊನ್ನಿನ ಬೆಳಕು ಅವನ ಮುಖದ ಮೇಲೇ ಬಿದ್ದಿತ್ತು.

'ನೀನು ಹೋಗಪ್ಪ. ನಾನು ಸತ್ತು ಬರ್ತೀನಿ' ಎಂದ.

ಬಯಲಲ್ಲಿ ಉಳಿದದ್ದು ಇಬ್ಬರೇ. ಸಾಯಬೇಕೆಂದು ನಿಂತ ಪೆದ್ದಪ್ಪ. ಮನೆಯಲ್ಲಿ ಹಸು ಇಲ್ಲದ್ದರಿಂದ ಅವಸರವಿಲ್ಲದ ವೆಂಕಟರಮಣಪ್ಪ. ಉಮಾಶಂಕರ್ ಬರಿದಾದ ಯುದ್ಧಭೂಮಿಯನ್ನು ನೋಡಿದ. ಮುಳುಗುತ್ತಿರುವ ಸೂರ್ಯನನ್ನು ನೋಡಿದ. ಆಮೇಲೆ ತಲೆಯ ಮೇಲೆ ಕೈಹೊತ್ತು, 'ಇಬ್ರೇ ಇದ್ರೆ ಇಬ್ರೇ ಸರಿ. ಕ್ಯಾಮೆರಾ ಮುಖದ ಹತ್ತಿರ ತಗೊಂಡ್ ಬನ್ನಿ' ಎಂದ.

ಪೆದ್ದಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೇಘನ ವೆಂಕಟರಮಣಪ್ಪನಿಗೆ ಹೇಳಿಕೊಟ್ಟಳು: 'ಇವರು ಬಿದ್ದಿರ್ತಾರೆ. ನೀವು ಬಂದು ಬಂದೂಕಿನ ತುದಿಯ ಚೂರಿಯಿಂದ ಚುಚ್ಚಿ ದಾಟ್ಕೊಂಡು ಹೋಗ್ಬೇಕು.'

'ಇವರಿಗಾ? ಆಗೋದಿಲ್ಲಮ್ಮ. ಇವರು ನಮ್ಮ ಬೀಗ್ರು.'

'ಅಂಕಲ್, ಇದು ಸಿನಿಮಾ!'

'ಸಿನಿಮಾನ ಸೊಸೆ ನೋಡ್ತಾಳಲ್ಲಮ್ಮ. ಅಪ್ಪನ್ನ ಚುಚ್ಚಿದ ಮಾವನಿಗೆ ಮಾರನೇ ದಿನ ಕಾಫಿ ಲೋಟ ಹೆಂಗೆ ಕುಕ್ತಾಳೆ ಗೊತ್ತಾ ನಿಂಗೆ?'

'ಚುಚ್ಚಿ ಬೀಗ್ರೇ, ನಾನೇನೂ ತಪ್ಪು ತಿಳ್ಕೊಳ್ಳಲ್ಲ' ಎಂದ ಪೆದ್ದಪ್ಪ.

'ಹೆಣ್ಣು ಕೊಟ್ಟೋರು ನೀವು. ಚುಚ್ಚೋಕಾಗ್ತದಾ? ಬೇಕಾದ್ರೆ ನೀವೇ ನನ್ನ ಚುಚ್ಚಿ.'

'ಛೇ ಛೇ, ಗಂಡಿನ ಕಡೆಯೋರು ನೀವು. ನಿಮ್ಮನ್ನ ಚುಚ್ಚೋದಾ!'

'ಸೂರ್ಯ!' ಎಂದು ಉಮಾಶಂಕರ್ ಅಳುವ ದನಿಯಲ್ಲಿ ಕೂಗಿದ.

ಪೆದ್ದಪ್ಪನಿಗೆ ಹೊಳೆಯಿತು. ಬೀಗನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: 'ಬೀಗ್ರೇ, ಅವತ್ತಿನ ಊಟದಲ್ಲಿ ನಿಮ್ಮ ನಲ್ಲಿ ಮೂಳೆ ವಾಲಗದೋನಿಗೆ ಹೋಯ್ತಲ್ಲ. ನೆನಪೈತಾ? ಅವನು ಅದನ್ನ ಎಲೆ ಮೇಲೆ ಕುಟ್ಟಿ ಕುಟ್ಟಿ ಹೀರಿದ. ನಿಮ್ಮ ಎದುರಿಗೇ.'

ವೆಂಕಟರಮಣಪ್ಪನ ಕಿವಿ ಕೆಂಪಾಯಿತು. ಮೀಸೆ ಅದುರಿತು. ಪೆದ್ದಪ್ಪ ಓಡಿಹೋಗಿ ಬೆಳಕು ಬೀಳುವ ಕಡೆ ಅಂಗಾತ ಬಿದ್ದುಕೊಂಡ. ಕ್ಯಾಮೆರಾ ತಿರುಗಿತು. ಬೀಗ ಹುಲಿಯ ಹಾಗೆ ಬಂದ. ಚೂರಿ ಎತ್ತಿದ. ಚುಚ್ಚಿದ. ಚೂರಿ ಕಂಕುಳ ಸಂದಿನಲ್ಲಿ ಸರಿಯಾಗಿ ಇಳಿಯಿತು. ಪೆದ್ದಪ್ಪ ಎದೆ ನೋಡಿಕೊಂಡ. ಆಮೇಲೆ ಬೀಗನ ಮುಖ ನೋಡಿದ: 'ನೀನಾ?' ಇಷ್ಟು ವರ್ಷ ನಾಟಕದಲ್ಲಿ ಆ ನೋಟ ಅಷ್ಟು ನಿಜವಾಗಿ ಎಂದೂ ಬಂದಿರಲಿಲ್ಲ.

ಇನ್ನು ವೆಂಕಟರಮಣಪ್ಪ ದಾಟಿಕೊಂಡು ಹೋಗಬೇಕು. ದಾಟುವಾಗ ಅವನ ಬೂಟು ಪೆದ್ದಪ್ಪನ ಭುಜಕ್ಕೆ ತಾಗಿಬಿಟ್ಟಿತು.

ಕಾಲು ತಾಗಿದ್ದು ಬೀಗರಿಗೆ! ವೆಂಕಟರಮಣಪ್ಪನಿಗೆ ಯುದ್ಧ ಮರೆತುಹೋಯಿತು, ಮೂಳೆಯೂ ಮರೆತುಹೋಯಿತು. ಬಂದೂಕು ಎಸೆದು, ತಟ್ಟನೆ ಬಗ್ಗಿ, ಆ ಭುಜ ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡ. ಅಷ್ಟಕ್ಕೇ ಸಮಾಧಾನವಾಗದೆ ಪಕ್ಕದಲ್ಲಿ ಕುಳಿತು ಬೀಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಸೊಂಟದ ನೀರಿನ ಬಾಟಲಿ ಬಿಚ್ಚಿದ.

'ಬೂಟು ತಾಗ್ತು ಬೀಗ್ರೇ. ಮನಸಲ್ಲಿ ಇಟ್ಕೋಬೇಡಿ.'

'ಸಾಯ್ತಾ ಇದೀನಿ ಬೀಗ್ರೇ, ಮಾತಾಡಿಸ್ಬೇಡಿ' ಎಂದು ಪೆದ್ದಪ್ಪ ತುಟಿ ಅಲುಗದ ಹಾಗೆ ಹೇಳಿದ.

'ನೀರು ಕುಡೀರಿ. ಆ ಮೂಳೆ ವಿಷಯ ಇವತ್ತಿಗೆ ಬಿಟ್ಟೆ. ಮಂಜುನಾಥನ ಆಣೆ.'

'ಆಯ್ತು, ಆಯ್ತು.'

'ಆದ್ರೆ ಮುಂದೆ ಮೊಮ್ಮಗು ಆದಾಗ ನಾಮಕರಣದಲ್ಲಿ ಎರಡು ಹಾಕಿಸ್ಬೇಕು. ನೀವೇ ನಿಂತು ಹಾಕಿಸ್ಬೇಕು.'

ಪೆದ್ದಪ್ಪನಿಗೆ ನಗು ಒತ್ತಿ ಬಂತು. ಸಾಯುವವನು ನಗುವಂತಿಲ್ಲ. ತಡೆದುಕೊಂಡ ನಗುವಿಗೆ ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು, ಕುತ್ತಿಗೆಯ ನರ ಉಬ್ಬಿತು. ಕೊನೆಗೆ ತಡೆಯಲಾರದೆ ಬೀಗನ ಹೊಟ್ಟೆಗೆ ಮುಖ ಒತ್ತಿಕೊಂಡು ತಣ್ಣಗಾದ. ಬಂಡೆಯ ಹಿಂದೆ ಸೂರ್ಯನೂ ಇಳಿದ.

'ಕಟ್' ಎಂದ ಉಮಾಶಂಕರ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಮೇಘನ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವರಿದ್ದ ದೂರಕ್ಕೆ ಮಾತು ಕೇಳಿಸಿರಲಿಲ್ಲ.

ಕತ್ತಲಾದ ಮೇಲೆ ಸಿನಿಮಾದವರ ಜೀಪು ಪೆದ್ದಪ್ಪನನ್ನು ಮನೆಗೆ ಬಿಟ್ಟಿತು. ಬೈಗುಳಕ್ಕೆ ಸಿದ್ಧನಾಗಿ ಕೊಟ್ಟಿಗೆಗೆ ಹೋದರೆ, ರಾಣಿ ಮಲಗಿ ಮೆಲುಕು ಹಾಕುತ್ತಿತ್ತು. ಕೆಚ್ಚಲು ಖಾಲಿ. ತೊಳೆದ ಕ್ಯಾನು ಗೋಡೆಗೆ ಬೋರಲಾಗಿತ್ತು.

'ಯಾರೇ ಕರೆದಿದ್ದು?'

'ಇನ್ಯಾರು, ಯಮ ಬಂದು ಕರೆದ. ನಾನೇ' ಎಂದಳು ದೊಡ್ಡಗಂಗಮ್ಮ.

'ಹಾಡಿಲ್ದೆ ಅದು ಕೊಡಲ್ವಲ್ಲ?'

'ಕೊಡ್ತು. ಏನೀಗ? ಸತ್ತು ಬಂದಿದೀಯ, ಕೈಕಾಲು ತೊಳ್ಕೊಂಡು ಉಣ್ಣು.'

ಪೆದ್ದಪ್ಪನಿಗೆ ಇದು ಬಿಡಿಸಲಾಗದ ಕಗ್ಗಂಟಾಯಿತು. ಮಾರನೆಯ ಬೆಳಗ್ಗೆ ಪರೀಕ್ಷೆಗೆಂದು ಬಾಯಿ ಮುಚ್ಚಿಕೊಂಡು ಕರೆಯಲು ಕುಳಿತ. ರಾಣಿ ಅವನನ್ನೂ ಬಕೆಟ್ಟನ್ನೂ ಒಟ್ಟಿಗೆ ಒದ್ದಿತು.

ಯುಗಾದಿ ಕಳೆದ ಮೇಲೆ ಸಿನಿಮಾ ಕೋಲಾರಕ್ಕೆ ಬಂತು. ಸುಗಟೂರಿನವರು ಮಧ್ಯಾಹ್ನದ ಆಟಕ್ಕೆ ಒಂದು ಬಸ್ಸು ತುಂಬ ಹೋದರು. ಶ್ರೀನಿವಾಸಪುರದಿಂದ ಬೀಗರು, ಮುನಿಲಕ್ಷ್ಮಿ ಬಂದರು. ಮಗಳ ಒತ್ತಾಯಕ್ಕೆ ದೊಡ್ಡಗಂಗಮ್ಮನೂ ಬಂದಳು, ಸೆರಗನ್ನು ಕಿವಿಗೆ ಸುತ್ತಿಕೊಂಡು. ಮ್ಯಾಪು ತಪ್ಪಿತು. ಬ್ಯಾಟ್ರಿ ತಪ್ಪಿತು. ಲಾರಿ ಬರಲಿಲ್ಲ. ಪೆದ್ದಪ್ಪನ ಬೆನ್ನು ಎರಡು ಕಡೆ ಬಂತು. ಚನ್ನರಾಯಪ್ಪ ಎರಡು ಸಲವೂ ಶಿಳ್ಳೆ ಹಾಕಿದ.

ಕೊನೆಗೆ ಬಂತು. ಯಾರೂ ಇಲ್ಲದ ಬಯಲು, ಕೆಂಪು ಬೆಳಕು, ಪರದೆಯ ತುಂಬ ಪೆದ್ದಪ್ಪನ ಮುಖ. ಪಿಟೀಲು ಅಳುತ್ತಿತ್ತು. ಚುಚ್ಚಿದ ಶತ್ರುವೇ ಬಗ್ಗಿ ಕಣ್ಣಿಗೊತ್ತಿಕೊಂಡು, ತೊಡೆಯ ಮೇಲೆ ತಲೆಯಿಟ್ಟುಕೊಂಡು ನೀರು ಕುಡಿಸಿದಾಗ ಥಿಯೇಟರಿನಲ್ಲಿ ಅಲ್ಲಲ್ಲಿ ಮೂಗು ಎಳೆದುಕೊಳ್ಳುವ ಸದ್ದು. ವೆಂಕಟರಮಣಪ್ಪ ಮಾತ್ರ ಪಕ್ಕದವನಿಗೆ, 'ಇಲ್ಲಿ ನಾನು ಎರಡು ಮೂಳೆ ಕೇಳ್ತಾ ಇದೀನಿ' ಎಂದು ಜೋರಾಗಿಯೇ ವಿವರಿಸಿದ. ನಗು ಆ ಸಾಲಿನಿಂದ ಈ ಸಾಲಿಗೆ ಹಬ್ಬಿತು. ಅಷ್ಟರಲ್ಲಿ ಸುಗಟೂರಿನವರು ಎದ್ದು ನಿಂತರು: 'ವನ್ಸ್ ಮೋರ್! ವನ್ಸ್ ಮೋರ್!'

ಸಿನಿಮಾಕ್ಕೆ ಕಿವಿಯಿಲ್ಲ. ಅದು ತನ್ನ ಪಾಡಿಗೆ ಮುಂದೆ ಓಡಿ ಮುಗಿಯಿತು. ದೀಪ ಹತ್ತಿತು. ಕೂಗು ನಿಲ್ಲಲಿಲ್ಲ. ಪೆದ್ದಪ್ಪ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಒದ್ದಾಡಿದ. ಆಮೇಲೆ ಎದ್ದು, ಪಂಚೆ ಕೊಡವಿಕೊಂಡು, ಬಿಳಿ ಪರದೆಯ ಮುಂದೆ ಹೋಗಿ ನಿಂತು ಸಭೆಗೆ ಕೈಮುಗಿದ. ಎದೆ ನೋಡಿಕೊಂಡ. ಎದುರು ಸಾಲಿನ ಬೀಗನ ಕಡೆ 'ನೀನಾ?' ಎಂದು ನೋಡಿದ. ವೆಂಕಟರಮಣಪ್ಪ ಕೂತಲ್ಲೇ ಕೈಮುಗಿದ.

ಹೋಗುವೆನು ನಾನು ಹೋಗುವೆನು
ಹೊತ್ತು ಮುಳುಗಲಿ ಹೋಗುವೆನು
ತೆರೆಯೋ ಯಮನೇ ಬಾಗಿಲನು…

ಅಲ್ಲಿಗೆ ನಿಂತಿತು. ಇಷ್ಟು ಜನರ ಮುಂದೆ ನಿಂತು ಎಷ್ಟೋ ವರ್ಷವಾಗಿತ್ತು. ಮುಂದಿನ ಸಾಲು ಬಾಯಿಗೆ ಬರಲಿಲ್ಲ. ರಾಣಿಯ ಮುಂದೆ ದಿನಾ ಹಾಡುವ ಸಾಲು! ಎಡಕ್ಕೆ ನೋಡಿದ, ಹಾರ್ಮೋನಿಯಂ ಮೇಷ್ಟ್ರು ಇರಲಿಲ್ಲ.

ಆಗ ಹೆಂಗಸರ ಸಾಲಿನಿಂದ, ಸೆರಗಿನೊಳಗಿಂದ, ಶ್ರುತಿ ಸ್ವಲ್ಪವೂ ತಪ್ಪದ ಒಂದು ಸಣ್ಣ ದನಿ ಎದ್ದಿತು:

ಕೊರಳಿನ ಹಾರವ ತೆಗೆದಿಡಿರೋ
ಕಾಯುವ ನನ್ನ ಮಡದಿಗೆ ಕೊಡಿರೋ

ಎಲ್ಲರೂ ತಿರುಗಿದರು. ದೊಡ್ಡಗಂಗಮ್ಮ ನೆಲ ನೋಡುತ್ತಿದ್ದಳು. ಪೆದ್ದಪ್ಪ ಸಾಯುವುದನ್ನು ಬಿಟ್ಟು ಬಾಯಿ ತೆರೆದು ನಿಂತ. ಆ ಸಂಜೆ ರಾಣಿ ಹೇಗೆ ಹಾಲು ಕೊಟ್ಟಿತೆಂದು ಅವನಿಗೆ ಈಗ ತಿಳಿಯಿತು.

'ನಿಂಗೆ… ಪೂರ್ತಿ ಬರ್ತದೇನೇ?'

'ದಿನಾ ಎರಡು ಹೊತ್ತು ಗೋಡೆ ಪಕ್ಕ ಅರಚಿದ್ರೆ ಕಲ್ಲಿಗೂ ಬರ್ತದೆ' ಎಂದಳು ದೊಡ್ಡಗಂಗಮ್ಮ, ಮುಖ ಕೆಂಪಗೆ ಮಾಡಿಕೊಂಡು. 'ಏನ್ ನೋಡ್ತೀಯ? ಬೇಗ ಸಾಯಯ್ಯಾ, ಹಾಲಿನ ಹೊತ್ತಾಗ್ತಾ ಐತೆ!'

ಪೆದ್ದಪ್ಪ ಬಿದ್ದ. ಜೀವಮಾನದಲ್ಲೇ ಮೊದಲ ಸಲ, ಹೇಳಿದ ಕೂಡಲೇ ಬಿದ್ದ. ಮತ್ತೆ ವನ್ಸ್ ಮೋರ್ ಎಂದು ಯಾರಾದರೂ ಕೂಗುವ ಮೊದಲೇ ಇಡೀ ಸುಗಟೂರು ಬಸ್ಸಿನ ಕಡೆ ಓಡುತ್ತಿತ್ತು. ಸತ್ತವನು ಎಲ್ಲರಿಗಿಂತ ಮುಂದೆ, ಹೆಂಡತಿಯ ಕೈ ಹಿಡಿದುಕೊಂಡು.